ಗಾಜಿನ ಲೋಡ್: ಕಟ್ಟುವುದು, ಓಡಿಸುವುದು, ಬಿಚ್ಚುವುದು

ಗಾಜಿನ ಲೋಡ್ ಹಿಡಿಯುವವರು ಮೊದಲು ಬಾಯಿಪಾಠ ಮಾಡಬೇಕಾದದ್ದು ಒಂದೇ ಲೆಕ್ಕ. ಒಂದು ಚದರ ಮೀಟರ್ ಗಾಜಿಗೆ, ದಪ್ಪದ ಪ್ರತಿ ಮಿಲಿಮೀಟರಿಗೆ ಎರಡೂವರೆ ಕೆಜಿ ತೂಕ. 3660×2440 ಮಿ.ಮೀ. ಹಾಳೆ 5 ಮಿ.ಮೀ. ದಪ್ಪದ್ದಾದರೆ ಸುಮಾರು 112 ಕೆಜಿ, 12 ಮಿ.ಮೀ. ಆದರೆ 268 ಕೆಜಿ. 5 ಮಿ.ಮೀ. ಹಾಳೆ, ಗಾಜು ಒರಗಿಸುವ ಸ್ಟ್ಯಾಂಡಿನ ಒಂದು ಮಗ್ಗುಲಿಗೆ 40ರಂತೆ ಎರಡೂ ಕಡೆ ಹೇರಿದರೆ ಒಂಬತ್ತು ಟನ್ ಹತ್ತಿರ ಬರುತ್ತದೆ. ಕಬ್ಬಿಣದ ಸ್ಟ್ಯಾಂಡಿನ ತೂಕ ಬೇರೆ. ಕೇಂದ್ರ ಸರ್ಕಾರದ 2018ರ ತಿದ್ದುಪಡಿ ಪ್ರಕಾರ ಆರು ಚಕ್ರದ ಲಾರಿಯ ಗರಿಷ್ಠ ಒಟ್ಟು ತೂಕ (ಗಾಡಿ, ಲೋಡ್ ಸೇರಿ) 18.5 ಟನ್, ಹತ್ತು ಚಕ್ರದ್ದು 28.5 ಟನ್. ಹಾಳೆಗಳು ಕಣ್ಣಿಗೆ ಕಾಣುವುದು ಅರ್ಧ ಬಾಡಿಯಷ್ಟು ಮಾತ್ರ. ಆದ್ದರಿಂದ 'ಜಾಗ ಇದೆಯಲ್ಲ, ಇನ್ನೊಂದು ಕಟ್ಟು ಹಾಕಿ' ಎಂಬ ಮಾತು ಬಂದರೆ ಹಾಳೆ ಎಣಿಸಿ ಗುಣಿಸಿ ನೋಡಿ, ವೇಬ್ರಿಜ್ಜಿನಲ್ಲಿ ಲಾರಿ ತೂಗಿಸಿದ ಚೀಟಿಗೆ ಕಾಯಬೇಡಿ.

ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಅಲ್ಲಿಂದ ಮುಂದೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಫ್ಲೋಟ್ ಗಾಜಿನ, ಅಂದರೆ ಸಾದಾ ಸಪಾಟು ಹಾಳೆ ಗಾಜಿನ, ಲೋಡನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಗಾಜನ್ನು ಮಲಗಿಸಿ ಸಾಗಿಸುವುದಿಲ್ಲ. ಎ-ಸ್ಟ್ಯಾಂಡಿಗೆ, ಅಂದರೆ ಇಂಗ್ಲಿಷಿನ A ಆಕಾರದ ಕಬ್ಬಿಣದ ಚೌಕಟ್ಟಿಗೆ, ಒರಗಿಸಿ ನಿಲ್ಲಿಸುವುದು, ಹಾಳೆಯ ಉದ್ದ ಲಾರಿಯ ಉದ್ದಕ್ಕೇ ಬರುವಂತೆ. ಒರಗು ಐದು ಡಿಗ್ರಿ ಎಂದುಕೊಳ್ಳಿ. ಎರಡು ಮೀಟರ್ ಎತ್ತರಕ್ಕೆ ಹದಿನೇಳು ಹದಿನೆಂಟು ಸೆಂಟಿಮೀಟರ್ ಒಳಗೆ ಬಾಗಿರುತ್ತದೆ, ಅಷ್ಟೇ. ಲಾರಿ ಬರುವ ಮೊದಲೇ ಸ್ಟ್ಯಾಂಡ್ ಪರೀಕ್ಷಿಸುವ ಅವಕಾಶ ಸಿಕ್ಕರೆ ಬಿಡಬೇಡಿ. ಕೆಳಗಿನ ರಬ್ಬರ್ ಪಟ್ಟಿ ಗಟ್ಟಿಯಾಗಿರಬೇಕು. ಮೆತ್ತಗಿನ ರಬ್ಬರಾದರೆ ಭಾರಕ್ಕೆ ಒಂದು ಕಡೆ ಕುಸಿದು ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಬ್ರಷ್ ಹಿಡಿದು ಆ ಪಟ್ಟಿಯನ್ನು ಗುಡಿಸಿ. ಹಿಂದಿನ ಲೋಡಿನ ಒಂದು ಗಾಜಿನ ಚೂರು ಅಲ್ಲಿ ಉಳಿದರೂ ಸಾಕು, ನೂರಾರು ಕೆಜಿಯ ಹಾಳೆ ಆ ಒಂದೇ ಬಿಂದುವಿನ ಮೇಲೆ ನಿಲ್ಲುತ್ತದೆ. ಬೆನ್ನ ಕಡೆಯ ಕಂಬಗಳಿಗೆ ಅಂಗೈ ಸವರಿ ನೋಡಿ: ಎದ್ದ ಬೋಲ್ಟ್ ತಲೆ, ಕಿತ್ತ ಫೆಲ್ಟ್ (ಮೆತ್ತೆ ಬಟ್ಟೆ), ಬಾಗಿದ ಕಂಬ.

ಬೆಲ್ಟು 50 ಮಿ.ಮೀ. ಅಗಲದ, ಹಲ್ಲಿನ ಗಾಲಿ ತಿರುಗಿಸಿ ಬಿಗಿಯುವ ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟೇ ಆಗಬೇಕು, ಅದಕ್ಕೆ ಹೊಲಿದ ಚೀಟಿಯಲ್ಲಿ ತಾಳುವ ಭಾರ ಓದಲು ಬರುವಂತಿರಬೇಕು. ನೂಲಿನ ಹಗ್ಗ ಒದ್ದೆಯಾದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಗಾಜಿಗೆ ಅದು ಬೇಡ. 3660 ಉದ್ದದ ಹಾಳೆಗೆ ನಾನು ಪ್ರತಿ ಮಗ್ಗುಲಿಗೆ ಮೂರು ಹಾಕುತ್ತೇನೆ. ಎಷ್ಟು ಬೆಲ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ದೊಡ್ಡದು. ಬೆಲ್ಟು ಒತ್ತುವ ಜಾಗದ ಹಿಂದೆ ಸ್ಟ್ಯಾಂಡಿನ ಕಂಬ ಇರಬೇಕು. ಎರಡು ಕಂಬಗಳ ನಡುವಿನ ಖಾಲಿ ಜಾಗದಲ್ಲಿ ಬಿಗಿದರೆ ಗಾಜು ಒಳಗೆ ಬಾಗುತ್ತದೆ, ಮುಂದಿನ ಗುಂಡಿಯಲ್ಲಿ ಸೀಳುತ್ತದೆ. ಬೆಲ್ಟು ಅಂಚು ದಾಟುವಲ್ಲಿ ದಪ್ಪ ರಟ್ಟಿನ ಅಥವಾ ಪ್ಲಾಸ್ಟಿಕ್ ಮೂಲೆ ಕಡ್ಡಾಯ. ಇಲ್ಲದಿದ್ದರೆ ಗಾಜೇ ಬೆಲ್ಟನ್ನು ಕೊಯ್ಯುತ್ತದೆ. ಬ್ರೇಕ್ ಹಾಕಿದಾಗ ಹಾಳೆ ಉದ್ದಕ್ಕೆ ಮುಂದೆ ಜಾರದಂತೆ ತುದಿಗೆ ಮರದ ತಡೆ ಬೇಕು. ಸ್ಟ್ಯಾಂಡಿಗೂ ಕ್ಯಾಬಿನ್ ಹಿಂದಿನ ತಗಡಿಗೂ ನಡುವೆ ಜಾಗ ಬಿಡದೆ ಮರದ ತುಂಡು ತುಂಬಬೇಕು.

ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ನಿಲ್ಲಿಸಿ ಎಲ್ಲ ರ‍್ಯಾಚೆಟ್ ಮತ್ತೆ ನೋಡಿ. ಮರ, ಫೆಲ್ಟ್, ರಟ್ಟು ಎಲ್ಲ ಕೂತುಕೊಂಡು ಒಂದೆರಡು ಹಲ್ಲು ಸಡಿಲ ಬಂದಿರುತ್ತದೆ. ಇದನ್ನು ಮಾಡದೆ ಬಂದ ಲಾರಿಯನ್ನು ಇಳಿಸುವ ಜಾಗದಲ್ಲಿ ನೋಡಿದರೇ ಗೊತ್ತಾಗುತ್ತದೆ.

ಓಡಿಸುವಾಗ ತಿರುವೇ ಮುಖ್ಯ. ಗಾಜು ನಿಂತಿರುವುದರಿಂದ ಭಾರದ ಕೇಂದ್ರ ನೆಲದಿಂದ ಎರಡೂವರೆ ಮೀಟರ್ ಆಸುಪಾಸು. ಜೊತೆಗೆ ಐದು ಡಿಗ್ರಿಯ ಒರಗು ಎಷ್ಟನ್ನು ತಾಳುತ್ತದೆ ಎಂದು ಲೆಕ್ಕ ಹಾಕಿ: 100 ಮೀಟರ್ ತ್ರಿಜ್ಯದ, ಇಳುಕಲಿಲ್ಲದ ಸಪಾಟು ತಿರುವಿನಲ್ಲಿ ಗಂಟೆಗೆ 33 ಕಿ.ಮೀ. ದಾಟಿದರೆ ಹೊರಮಗ್ಗುಲಿನ ಗಾಜಿಗೆ ಒರಗು ಇದ್ದೂ ಇಲ್ಲ, ಬೆಲ್ಟು ಮಾತ್ರ ಹಿಡಿದಿರುತ್ತದೆ. 30 ಮೀಟರಿನ ತಿರುವಿಗೆ ಆ ವೇಗ 18 ಕಿ.ಮೀ. ಅಷ್ಟೇ. ಸರ್ವಿಸ್ ರಸ್ತೆಯಿಂದ ಫ್ಲೈಓವರ್ ಕೆಳಗೆ ಯೂಟರ್ನ್ ಹೊಡೆಯುವವರಿಗೆ ಈ ಎರಡನೇ ಅಂಕಿ ನೆನಪಿರಲಿ. ಶಿರಾಡಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿದು ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕಿನಲ್ಲಿ ಬಿಡುವುದು. ಕಾಲಿನ ಬ್ರೇಕ್ ತಿರುವಿಗೆ ಮೊದಲೇ ಮುಗಿದಿರಬೇಕು.

ಹಂಪನ್ನು ಓರೆಯಾಗಿ ಒಂದೊಂದೇ ಚಕ್ರ ಏರಿಸುವ ಚಾಳಿ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಇಟ್ಟಿಗೆ ಲೋಡಿಗೆ ನಡೆಯುತ್ತದೆ. ಗಾಜಿಗೆ ಇದು ತೀರಾ ಕೆಟ್ಟದ್ದು, ಏಕೆಂದರೆ ಚಾಸಿ ತಿರುಚುತ್ತದೆ, ಅದರ ಜೊತೆ ಸ್ಟ್ಯಾಂಡೂ ತಿರುಚುತ್ತದೆ. ಎರಡೂ ಚಕ್ರ ಒಟ್ಟಿಗೆ, ನೇರವಾಗಿ, ನಡಿಗೆಯ ವೇಗದಲ್ಲಿ ದಾಟಬೇಕು. ಇನ್ನೊಂದು: ಹತ್ತು ಚಕ್ರದ ಲಾರಿಯಲ್ಲಿ ನಾಲ್ಕು ಟನ್ ಗಾಜು ಹಾಕಿದರೆ ಸುರಕ್ಷಿತ ಎಂದುಕೊಳ್ಳಬೇಡಿ. ಭಾರ ಸಾಲದೆ ಪಟ್ಟಾ (ಚಕ್ರದ ಮೇಲಿನ ಸ್ಪ್ರಿಂಗ್) ಬಾಗುವುದೇ ಇಲ್ಲ, ಪ್ರತಿ ಗುಂಡಿಯ ಏಟೂ ನೇರ ಗಾಜಿಗೆ. ಕಡಿಮೆ ಲೋಡಿಗೆ ಚಿಕ್ಕ ಗಾಡಿ ಹುಡುಕುವುದೇ ಒಳ್ಳೆಯದು.

ಮಳೆಗಾಲದಲ್ಲಿ ಒಡೆಯುವುದಕ್ಕಿಂತ ದೊಡ್ಡ ನಷ್ಟ ನೀರಿನಿಂದ. ಎರಡು ಹಾಳೆಗಳ ನಡುವೆ ನೀರು ಹೊಕ್ಕರೆ ತಾನಾಗಿ ಆರುವುದಿಲ್ಲ. ಗಾಜಿನೊಳಗಿನ ಸೋಡಿಯಂ ಆ ನೀರಿಗೆ ಇಳಿದು ಅದು ಕ್ಷಾರವಾಗಿ, ಮೇಲ್ಮೈಯನ್ನೇ ತಿನ್ನುತ್ತದೆ. ಮೊದಲು ಕಾಮನಬಿಲ್ಲಿನ ಬಣ್ಣದ ಕಲೆ, ಆಮೇಲೆ ಒರೆಸಿದರೂ ಹೋಗದ ಬಿಳಿ ಮಚ್ಚೆ. ಹಾಳೆಗಳ ನಡುವೆ ಉದುರಿಸಿರುವ ಪುಡಿ ಗೀರು ಬೀಳದಂತೆ ಅಂತರ ಕಾಯುತ್ತದೆ. ಸುರಿಯುವ ಮಳೆಯನ್ನು ತಡೆಯುವುದು ಟಾರ್ಪಾಲಿನ ಕೆಲಸ. ಟಾರ್ಪಾಲಿನ ಹಗ್ಗ ಗಾಜಿನ ಮೇಲಂಚನ್ನು ಒತ್ತದಂತೆ ಸ್ಟ್ಯಾಂಡಿನ ತಲೆಯ ಮೇಲೆ ಹಾಯಿಸಿ, ಹಿತ್ತಾಳೆ ಕಣ್ಣುಗಳು ಗಾಳಿಗೆ ಹಾರಿ ಅಂಚಿಗೆ ಬಡಿಯದಂತೆ ಒಳಗೆ ಮಡಚಿ ಕಟ್ಟಿ. ಒದ್ದೆಯಾದರೆ ಮುಚ್ಚಿಡದೆ ಸರಕು ಪಡೆಯುವವರಿಗೆ ಫೋನಿನಲ್ಲೇ ತಿಳಿಸಿ. ಅವರು ಅಂದೇ ಹಾಳೆ ಬಿಡಿಸಿ ಒರೆಸಿದರೆ ಸರಕು ಉಳಿಯುತ್ತದೆ.

ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನ ಅವಧಿ 200 ಕಿ.ಮೀ.ಗೆ ಒಂದು ದಿನ. ಬೆಂಗಳೂರಿಗೆ ಎರಡು ದಿನ ಸಿಗುತ್ತದೆ. ಗಾಡಿ ಕೆಟ್ಟು ತಡವಾದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬೇಕು. ಬೇರೆ ಲಾರಿಗೆ ಸರಕು ಬದಲಿಸಿದರೆ ಅದರ ಪಾರ್ಟ್ ಬಿ (ಗಾಡಿಯ ನಂಬರ್ ಇರುವ ಭಾಗ) ಬದಲಿಸದೆ ಗಾಡಿ ಕದಲಿಸಬೇಡಿ.

ಈ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಹೆಚ್ಚಾಗಿರುವುದು ಹೆದ್ದಾರಿಯಲ್ಲಲ್ಲ, ಗೋಡೌನ್ ಮುಂದೆ ಬೆಲ್ಟು ಬಿಚ್ಚುವಾಗ. ರಸ್ತೆ ಬದಿಯ ಮಣ್ಣಿಗೆ ಒಂದು ಕಡೆಯ ಚಕ್ರ ಹತ್ತು ಸೆಂಟಿಮೀಟರ್ ಇಳಿದರೆ ಲಾರಿ ಸುಮಾರು ಮೂರು ಡಿಗ್ರಿ ವಾಲುತ್ತದೆ. ಆ ಮಗ್ಗುಲಿನ ಐದು ಡಿಗ್ರಿ ಒರಗಿನಲ್ಲಿ ಉಳಿದದ್ದು ಎರಡು. ಜೊತೆಗೆ ಎದುರು ಮಗ್ಗುಲನ್ನು ಪೂರ್ತಿ ಇಳಿಸಿಬಿಟ್ಟರೆ ಪಟ್ಟಾ ಎದ್ದು ಇದು ಇನ್ನೂ ವಾಲುತ್ತದೆ. ಸಪಾಟು ಗಟ್ಟಿ ನೆಲ ಸಿಗುವವರೆಗೆ ಬಿಚ್ಚುವುದಿಲ್ಲ ಎಂದು ಹೇಳಿಬಿಡಿ, ಹಮಾಲರು ಗೊಣಗಲಿ. ಎರಡೂ ಕಡೆಯಿಂದ ಸರದಿಯಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇಳಿಸುವ ಕಟ್ಟಿನ ಬೆಲ್ಟು ಮಾತ್ರ ಸಡಿಲಿಸಿ. ಅದಕ್ಕೂ ಮೊದಲು ಕ್ರೇನಿನ ಹಿಡಿತ ಅಥವಾ ಜನರ ಕೈ ಗಾಜಿನ ಮೇಲಿರಬೇಕು. ಗಾಜು ಎಷ್ಟು ಎತ್ತರವೋ ಅದಕ್ಕಿಂತ ಹೆಚ್ಚು ದೂರದವರೆಗೆ ಎದುರಿನಲ್ಲಿ ಯಾರೂ ನಿಲ್ಲಬಾರದು. ಬೀಳುವ ಕಟ್ಟಿಗೆ ಕೈ ಕೊಡುವ ಬುದ್ಧಿ ತಾನಾಗಿ ಬರುತ್ತದೆ. ಒಂದು ಟನ್ನನ್ನು ಯಾರ ಕೈಯೂ ತಡೆಯದು. ಬಿಟ್ಟು ಓಡಿ.

ಒಡೆದ ಹಾಳೆ ಕಂಡರೆ ತೆಗೆಯುವ ಮೊದಲೇ ಫೋಟೊ ಹಿಡಿಯಿರಿ, ಏಕೆಂದರೆ ಸೀಳು ಎಲ್ಲಿಂದ ಹೊರಟಿದೆ ಎಂಬುದೇ ಕಾರಣ ಹೇಳುತ್ತದೆ. ಕೆಳಗಿನ ಅಂಚಿನಿಂದ ಹೊರಟಿದ್ದರೆ ರಬ್ಬರಿನ ಮೇಲೆ ಚೂರಿತ್ತು. ಬೆಲ್ಟಿನ ಎತ್ತರದಲ್ಲಿ ಶುರುವಾಗಿದ್ದರೆ ತಪ್ಪು ಜಾಗದಲ್ಲಿ ಬಿಗಿದದ್ದು. ಒಳಗಿನ ಹಲವು ಹಾಳೆ ಒಂದೇ ಜಾಗದಲ್ಲಿ ಸೀಳಿದ್ದರೆ ಸ್ಟ್ಯಾಂಡಿನ ಕಂಬ ನೋಡಿ. ಹೊರಗಿನ ಒಂದೇ ಹಾಳೆಯಾದರೆ ಕಲ್ಲೋ ಕೊಂಬೆಯೋ ತಗುಲಿದೆ. ಎಲ್‌ಆರ್ (ಲಾರಿ ರಸೀದಿ) ಪ್ರತಿಯ ಮೇಲೆ ಒಡೆದ ಹಾಳೆಗಳ ಸಂಖ್ಯೆ, ಅಳತೆ, ದಪ್ಪ, ಕಟ್ಟಿನ ನಂಬರ್ ಬರೆಸಿ ಸಹಿ ಸೀಲು ಹಾಕಿಸಿಕೊಳ್ಳಿ. 'ಸ್ವಲ್ಪ ಬ್ರೇಕೇಜ್ ಇದೆ' ಎಂದಷ್ಟೇ ಬರೆದುಕೊಟ್ಟರೆ ಒಪ್ಪಬೇಡಿ. ಆ 'ಸ್ವಲ್ಪ' ಬಾಡಿಗೆ ಬಿಲ್ಲಿನಲ್ಲಿ ಕಡಿತವಾಗುವ ಹೊತ್ತಿಗೆ ಎಷ್ಟು ಬೇಕಾದರೂ ಬೆಳೆದಿರುತ್ತದೆ.