ನಂದಿಬಟ್ಟಲ ಗಿಡದ ಹಸಿರು ಹುಳು

ಹಿತ್ತಿಲ ನಂದಿಬಟ್ಟಲ ಗಿಡದ ಕೆಳಗೆ ಕಾಳುಮೆಣಸಿನಷ್ಟು ದಪ್ಪ ಹಿಕ್ಕೆ ಬಿದ್ದಿತ್ತು. ಮೇಲೆ ನೋಡಿದರೆ ಕಡ್ಡಿಗಳಲ್ಲಿ ಎಲೆಯೇ ಇಲ್ಲ. ಹುಳು ಕಣ್ಣಿಗೆ ಬೀಳಲು ಹತ್ತು ನಿಮಿಷ ಬೇಕಾಯಿತು. ಬೆರಳುದ್ದ, ಎಲೆಯದೇ ಹಸಿರು, ಬದಿಯಲ್ಲಿ ಬಿಳಿ ಪಟ್ಟೆ, ಹಿಂದೆ ಮೊಂಡಾದ ಹಳದಿ ಕೊಂಬು.

"ಕಂಬಳಿಹುಳ ಕಣೋ, ಮುಟ್ಬೇಡ" ಎಂದರು ಅಮ್ಮ. ಆದರೆ ಮೈಮೇಲೆ ಒಂದು ಕೂದಲೂ ಇರಲಿಲ್ಲ. ಮೆಲ್ಲಗೆ ಮುಟ್ಟಿದೆ. ತಲೆ ಒಳಗೆಳೆದುಕೊಂಡು ಎದೆ ಉಬ್ಬಿಸಿತು. ಕುತ್ತಿಗೆಯ ಹಿಂದೆ ಎರಡು ನೀಲಿ ಕಣ್ಣು ಎದ್ದು ಕಂಡವು. ಅವು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ಚುಕ್ಕೆಗಳು. ಗುರುತು ಸಿಕ್ಕಿದ್ದು ಅದರಿಂದಲೇ: ಕಣಗಿಲೆ ಪತಂಗ, ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕಣಗಿಲೆಯ (ನೀರಿಯಂ) ಹೆಸರನ್ನೇ ಇದಕ್ಕೆ ಇಟ್ಟ. ನಮ್ಮ ಕಡೆ ನನಗೆ ಸಿಕ್ಕಿದ್ದು ಜಾಸ್ತಿ ನಂದಿಬಟ್ಟಲಲ್ಲಿ, ಕೆಲವೊಮ್ಮೆ ನಿತ್ಯಪುಷ್ಪದಲ್ಲಿ.

ಡಬ್ಬಿಯಲ್ಲಿ ಮಣ್ಣು ಹಾಕಿ ಹುಳುವನ್ನು ಸಾಕಿದೆ. ಎರಡು ಹೊತ್ತು ಹೊಸ ಎಲೆ. ಗಿಡದ ಹಾಲು ವಿಷ, ಹಾಗಾಗಿ ಪ್ರತಿ ಸಲ ಕೈ ತೊಳೆಯಲೇಬೇಕು. ನಾಲ್ಕನೇ ದಿನ ಬೆನ್ನು ಕಂದುಗಪ್ಪಾಯಿತು. ಸತ್ತೇ ಹೋಗುತ್ತದೆ ಅಂದುಕೊಂಡೆ. ಅದು ಗೂಡು ಕಟ್ಟುವ ಹೊತ್ತಿನ ಬಣ್ಣ! ರಾತ್ರಿಯೆಲ್ಲ ಡಬ್ಬಿ ಸುತ್ತಿತು, ಮಣ್ಣಿಗೆ ಮಾತ್ರ ಇಳಿಯಲಿಲ್ಲ. ಬೆಳಿಗ್ಗೆ ತರಗೆಲೆ ಹಾಕಿದ ಮೇಲೆ ನಾಲ್ಕು ಎಲೆಗಳನ್ನು ನೂಲಿನಿಂದ ಸೇರಿಸಿಕೊಂಡು ನಡುವೆ ಮಲಗಿತು. ಒಳಗೇ ಕೋಶವಾಯಿತು (ಪ್ಯೂಪಾ): ತಿಳಿ ಕಂದು, ಬದಿಗಳಲ್ಲಿ ಕಪ್ಪು ಚುಕ್ಕೆ.

ಪತಂಗ ರಾತ್ರಿ ಹೊರಬಂದಿತ್ತು. ಡಬ್ಬಿಯ ಗೋಡೆ ನುಣುಪು, ಮೇಲೇರಿ ನೇತಾಡಿ ರೆಕ್ಕೆ ಹರಡಿಕೊಳ್ಳಲು ಏನೂ ಇಲ್ಲ. ರೆಕ್ಕೆ ಮುದುಡಿಕೊಂಡೇ ಒಣಗಿಹೋಯಿತು. ಒಂದು ಒರಟು ಕಡ್ಡಿ ಇಟ್ಟಿದ್ದರೆ ಸಾಕಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಮುಂದಿನ ಸಲ ಮೊಟ್ಟೆಯಿಂದಲೇ ಶುರು ಮಾಡಿದೆ. ಚಿಗುರೆಲೆಯಲ್ಲಿ ಒಂಟಿಯಾಗಿ ಅಂಟಿಸಿದ್ದ, ತಿಳಿ ಹಸಿರಿನ ಪುಟ್ಟ ಮೊಟ್ಟೆ. ಮರಿಗೆ ಕೂದಲೆಳೆಯಂಥ ಉದ್ದನೆ ಕಪ್ಪು ಕೊಂಬು. ಹುಳುವಾಗಿ ಸುಮಾರು ಮೂರು ವಾರ, ಕೋಶದಲ್ಲಿ ಎರಡು ವಾರ. ಈ ಬಾರಿ ಬಿದಿರಿನ ಬುಟ್ಟಿ, ತರಗೆಲೆ, ಕಡ್ಡಿ ಎಲ್ಲ ಇತ್ತು.

ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಹೊರಬಂದು ಕಡ್ಡಿ ಹತ್ತಿತು. ಮುದುಡಿದ ರೆಕ್ಕೆ ನಿಧಾನಕ್ಕೆ ಇಳಿಬಿದ್ದು ಹರಡಿತು. ಹಸಿರು, ತಿಳಿ ಗುಲಾಬಿ, ಬಿಳಿ ಬೆರೆತ ಸೈನಿಕರ ಬಟ್ಟೆಯಂಥ ಬಣ್ಣ. ಬಿಚ್ಚಿದರೆ ಅಂಗೈಗಿಂತ ಅಗಲ. ಬುಟ್ಟಿಯನ್ನು ಹಿತ್ತಿಲಿಗೆ ತಂದೆ. ತುಂಬಾ ಹೊತ್ತು ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಂಡಿತು. ಆಮೇಲೆ ಗುಂಯ್ ಅಂತ ಎದ್ದು ದುಂಡುಮಲ್ಲಿಗೆಯ ಮೇಲಿಂದ ಕತ್ತಲೆಗೆ ಹೋಯಿತು.