ಸೈಕಲ್ ಕೈಗೆ ಕ್ಲಚ್ ಕಲಿಸಿದ್ದು

ಹೋದ ಶನಿವಾರ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ತುಳಸಿಗೇರಿ ಹನುಮಪ್ಪನ ಗುಡಿಗೆ ಹೋಗಿ ಬಂದೆ. ನನ್ನ ಸ್ವಂತ ಗಾಡಿ, ಅಂದರೆ ಬೈಕ್ ಮೇಲೆ. ದಾರಿಯಲ್ಲಿ ಒಂದು ಸಲವೂ ಗಾಡಿ ಬಂದ್ ಆಗಲಿಲ್ಲ, ಆಕೆ ಒಂದು ಸಲವೂ ನನ್ನ ಅಂಗಿ ಹಿಡಿದು ಎಳೆಯಲಿಲ್ಲ. ಇದೇನು ದೊಡ್ಡ ವಿಷಯ, ಬಾಗಲಕೋಟೆಯಲ್ಲಿ ಮೀಸೆ ಬಾರದ ಹುಡುಗರು ಮೂರು ಮೂರು ಮಂದಿ ಕೂತು ಹೋಗುತ್ತಾರೆ ಅಂತೀರಿ. ಹೌದು. ಆದರೆ ನಾನು ಗಾಡಿ ಮುಟ್ಟಿದ್ದೇ 44ನೇ ವಯಸ್ಸಿಗೆ. ಹೀಗೆ ಹೀಗೆ ಕಲಿಯುತ್ತೇನೆ ಅಂದಾಗ ಹೆಂಡತಿಯ ತಮ್ಮ ನಕ್ಕ, ಗಾಡಿ ಮಿಸ್ತ್ರಿ ನಕ್ಕ, ಸೈಕಲ್ ಅಂಗಡಿ ಕಾಕಾ ಅಂತೂ ಅಂಗಡಿಗೆ ಬಂದವರನ್ನೆಲ್ಲ ಕರೆದು ತೋರಿಸಿ ನಕ್ಕರು. ಈಗ ಯಾರೂ ನಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಿಗ್ಮಿ ಕಲೆಕ್ಷನ್ ಮಾಡುವವನು, ಅಂದರೆ ಖಾತೆದಾರರ ಹತ್ತಿರ ಹೋಗಿ ದಿನದ ಉಳಿತಾಯದ ದುಡ್ಡು ವಸೂಲಿ ಮಾಡುವವನು. 18 ವರ್ಷ ಸೈಕಲ್ ಮೇಲೇ ಮಾಡಿದ್ದೇನೆ. ಹಳೇ ಊರಿನ ಪೇಟೆ, ವಿದ್ಯಾಗಿರಿ, ನವನಗರ, ಮತ್ತೆ ವಾಪಸ್, ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಆಗುತ್ತಿತ್ತು. ಮೊಣಕಾಲು ತಕರಾರು ಶುರು ಮಾಡಿದ ಮೇಲೆ ಗಾಡಿಯ ಮಾತು ಬಂತು. ಎಲ್ಲರೂ ಹೇಳಿದ್ದು ಒಂದೇ: ಸೈಕಲ್ ಬರುತ್ತಲ್ಲ, ಬ್ಯಾಲೆನ್ಸ್ ಇದೆ, ಎರಡು ದಿನದ ಕೆಲಸ. ಇಷ್ಟು ದೊಡ್ಡ ಸುಳ್ಳು ನಾನು ಕೇಳಿಲ್ಲ. ಬ್ಯಾಲೆನ್ಸ್ ಇತ್ತು, ಖರೆ. ಆದರೆ 18 ವರ್ಷದಲ್ಲಿ ಎಡಗೈಗೆ ಬೇರೆ ಪಾಠ ಆಗಿತ್ತು.

ಮೊದಲು ಕಲಿಸಿದ್ದು ಹೆಂಡತಿಯ ತಮ್ಮ. ಅವನದು ಪಲ್ಸರ್. 'ಎಕ್ಸಲೇಟರ್ ಕೊಡ್ರಿ ಮಾಮಾ, ಮೆಲ್ಲಕ ಕ್ಲಚ್ ಬಿಡ್ರಿ' ಅಂದ. ಕೊಟ್ಟೆ, ಬಿಟ್ಟೆ. ಗಾಡಿ ಎಗರಿತು, ಹೆದರಿ ಹ್ಯಾಂಡಲ್ ಗಟ್ಟಿ ಹಿಡಿದೆ, ಹಿಡಿದಾಗ ಎಕ್ಸಲೇಟರ್ ಇನ್ನೂ ತಿರುಗಿತು, ಎದುರಿಗೆ ಕಂಪೌಂಡ್ ಗೋಡೆ. ಹೆಡ್‌ಲೈಟ್ ಮತ್ತು ಮುಂದಿನ ಮಡ್‌ಗಾರ್ಡ್ ಸೇರಿ 1,800 ರೂಪಾಯಿ ನನ್ನ ಜೇಬಿನಿಂದ. ಅವನು ಇವತ್ತಿಗೂ ಗೋಡೆಯ ಆ ಗುರುತನ್ನು ಬಂದವರಿಗೆ ತೋರಿಸುತ್ತಾನೆ. ಆಮೇಲೆ ಒಂದು ಡ್ರೈವಿಂಗ್ ಕ್ಲಾಸಿಗೆ 3,500 ಕೊಟ್ಟೆ. ಅವರು ಎಂಟು ದಿನ ಗೇರ್ ಇಲ್ಲದ ಸ್ಕೂಟರ್ ಮೇಲೆ ಕೂಡಿಸಿ ಮೈದಾನ ಸುತ್ತಿಸಿದರು. ಗೇರ್ ಗಾಡಿ ಯಾವಾಗ ಅಂದರೆ ನಾಳೆ, ನಾಡಿದ್ದು. ಆ ದುಡ್ಡು ಹೋಯಿತು ಅಂತ ಬರೆದುಕೊಳ್ಳಿ.

ಆಗ ನನ್ನದೇ ಗಾಡಿ ಬೇಕು ಅನಿಸಿತು. ಬೀಳಿಸಿದರೆ ನಂದೇ ಬೀಳಲಿ. 2015ರ ಸ್ಪ್ಲೆಂಡರ್, ಕೆಎ 29 ನಂಬರ್, ಹೇಳಿದ್ದು 34,000, ನಾನು ತಂದಿದ್ದು 27,500ಕ್ಕೆ. ಹೇಗೆ ಇಳಿಸಿದೆ ಅನ್ನೋದು ಹೇಳಲ್ಲ, ದಿನಾ ಐವತ್ತು ನೂರು ವಸೂಲಿ ಮಾಡುವವನಿಗೆ ಮಾತಾಡೋದು ಬರುತ್ತೆ ಅಂತಷ್ಟೇ ತಿಳಿಯಿರಿ. ಆದರೆ ಒಂದು ಮಾತು. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರದ ಮೇಲೆ, ಸಾಲ ಕೊಟ್ಟ ಫೈನಾನ್ಸ್ ಹೆಸರು ಇನ್ನೂ ಇತ್ತು. ಸಾಲ ತೀರಿ ಎಷ್ಟೋ ವರ್ಷ ಆಗಿದೆ ಅಂದ ಮಾರುವವನು. ತೀರಿರಬಹುದು, ಆದರೆ ಫೈನಾನ್ಸಿನವರಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಕಾಗದ) ತಂದು ಎಚ್‌ಪಿ (ಆ ಸಾಲದ ನಮೂದು) ತೆಗೆಸದೆ ಗಾಡಿ ನನ್ನ ಹೆಸರಿಗೆ ಸಲೀಸಾಗಿ ಆಗಲ್ಲ. 3,000 ತಡೆದಿಟ್ಟುಕೊಂಡೆ. ಎರಡು ತಿಂಗಳು ಅವನು ಸಿಟ್ಟಾದ, ಕಡೆಗೆ ಕಾಗದ ತಂದ, ದುಡ್ಡು ತಗೊಂಡ. ಆ 3,000 ತಡೆಯದಿದ್ದರೆ ಇವತ್ತಿಗೂ ಅವನ ಬಾಗಿಲಿಗೆ ಅಲೆಯುತ್ತಿದ್ದೆ. ಇನ್ನೊಂದು, ಆರ್‌ಸಿ ಇರೋದು 15 ವರ್ಷಕ್ಕೆ. 2010, 2011ರ ಗಾಡಿ ಸಸ್ತಾ ಸಿಕ್ಕಿತು ಅಂತ ಕುಣಿಯುವವರು ಇದನ್ನು ಮರೆಯುತ್ತಾರೆ.

ತಂದ ತಿಂಗಳೇ ಹಿಂದಿನ ಟೈರ್, ಚೈನ್ ಕಿಟ್, ಬ್ಯಾಟರಿ, ಆಯಿಲ್, ಪ್ಲಗ್ ಅಂತ ನಾಲ್ಕು ಸಾವಿರದ ಮೇಲೆ ಹೋಯಿತು. ಥರ್ಡ್ ಪಾರ್ಟಿ ವಿಮೆ, ಮಾಲೀಕನ ಅಪಘಾತ ವಿಮೆ ಸೇರಿ ಸಾವಿರದ ಚಿಲ್ಲರೆ. ಐಎಸ್‌ಐ ಹೆಲ್ಮೆಟ್ 1,200. ರಸ್ತೆ ಬದಿ 300ಕ್ಕೆ ಸಿಗುವ ಟೋಪಿ ಬೇಡ, ತಲೆ ಒಂದೇ ಇರೋದು. ಎಲ್ಲ ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋಯಿತು, ಮತ್ತು ನನಗೆ ಇನ್ನೂ ಗಾಡಿ ಹೊಡೆಯಲು ಬರುತ್ತಿರಲಿಲ್ಲ.

ಎಡಗೈ ವಿಚಾರ ಹೊಳೆದಿದ್ದು ಒಂದು ನಾಯಿಯಿಂದ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದಿತ್ತು, ಎಲ್ ಬೋರ್ಡ್ ಅಂಟಿಸಿದ್ದೆ. ನವನಗರದ ಸೆಕ್ಟರ್ ಒಳಗಿನ ರಸ್ತೆ, ಮೂರನೇ ಗೇರ್, ಮೂವತ್ತರ ಆಸುಪಾಸು ಹೋಗುತ್ತಿದ್ದೆ. ನಾಯಿ ಅಡ್ಡ ಬಂತು. ಕೈ ತನ್ನ ಪಾಡಿಗೆ ತಾನು ಎರಡೂ ಲಿವರ್ ಒತ್ತಿ ಹಿಡಿಯಿತು. ಸೈಕಲ್ಲಿನಲ್ಲಿ ಎಡಗೈ ಅಂದರೆ ಹಿಂದಿನ ಬ್ರೇಕ್, ಗಾಡಿಯಲ್ಲಿ ಅದು ಕ್ಲಚ್. ಹಿಂದಿನ ಗಾಲಿಯನ್ನು ಹಿಡಿಯುತ್ತೇನೆ ಅಂದುಕೊಂಡು ಅದನ್ನು ಪೂರ್ತಿ ಬಿಟ್ಟುಬಿಟ್ಟಿದ್ದೆ, ಎಂಜಿನ್ ಹಿಡಿತವೂ ಹೋಯಿತು, ಭಾರವೆಲ್ಲ ಮುಂದಿನ ಬ್ರೇಕಿಗೆ ಬಿತ್ತು, ಅಲ್ಲಿ ನೋಡಿದರೆ ಯಾರೋ ಮನೆ ಕಟ್ಟಿಸಲು ಸುರಿದ ಮರಳು. ಗಾಡಿಯ ಹಿಂದಿನ ಬ್ರೇಕ್ ಇರೋದು ಬಲಗಾಲಿನ ಕೆಳಗೆ. ಆ ಬಲಗಾಲು ಸುಮ್ನೆ ಕೂತಿತ್ತು, ಪಾಪ, ತನಗೂ ಒಂದು ಕೆಲಸ ಇದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಕ್ಲಚ್ ಲಿವರ್, ಇಂಡಿಕೇಟರ್, ಬಾಗಿದ ಫುಟ್‌ರೆಸ್ಟ್ ಎಲ್ಲ ಸೇರಿ 650. ಮೊಣಕಾಲಿನ ಲೆಕ್ಕ ಹಾಕಿಲ್ಲ. ಪಿಗ್ಮಿ ಮಷಿನ್ ಬ್ಯಾಗಿನಲ್ಲಿತ್ತು, ಅದಕ್ಕೆ ಏನೂ ಆಗಲಿಲ್ಲ, ಅದು ಒಡೆದಿದ್ದರೆ ಗಾಡಿ ಮಾರಿ ತುಂಬಬೇಕಾಗುತ್ತಿತ್ತು.

ಆ ರಾತ್ರಿ ಅರಿಶಿನ ಹಚ್ಚಿಕೊಂಡು ಕೂತಾಗ ಅನಿಸಿತು, ಗಾಡಿ ಮೇಲೆ ವಾರಕ್ಕೆ ಅರ್ಧ ತಾಸು ಕಲಿತದ್ದನ್ನು ಸೈಕಲ್ ಮೇಲೆ ದಿನಾ ಐದು ತಾಸು ಅಳಿಸುತ್ತಿದ್ದೇನೆ. ಹಾಗಾದರೆ ರಿಪೇರಿ ಬೇಕಾಗಿರೋದು ಸೈಕಲ್ಲಿಗೆ.

ಮರುದಿನ ಸೈಕಲ್ ಅಂಗಡಿಗೆ ಹೋಗಿ, ಹಿಂದಿನ ಬ್ರೇಕಿನ ರಾಡ್ ಬಿಚ್ಚಿ ಕೊಡಿ, ಎಡಗಡೆ ಲಿವರ್ ಮಾತ್ರ ಹಾಗೇ ಇರಲಿ ಅಂದೆ. ಕಾಕಾ ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದರು. 'ತಲಿ ಸರಿ ಐತಿಲ್ಲೋ ನಿಂದು? ಮಂದಿ ಬ್ರೇಕ್ ಹಾಕಸಾಕ ಬರ್ತಾರ, ನೀ ಬಿಚ್ಚಸಾಕ ಬಂದಿಯಲ್ಲೋ!' ಆದರೂ ಬಿಚ್ಚಿದರು. ರಾಡ್ ಅವರ ಡಬ್ಬದಲ್ಲೇ ಉಳಿಯಿತು.

ಮೊದಲ ಎರಡು ದಿನ ಎಡಗೈ ಖಾಲಿ ಲಿವರ್ ಎಳೆದು ಎಳೆದು ಮೋಸ ಹೋಯಿತು. ಐದಾರು ದಿನಕ್ಕೆ ಕಡಿಮೆ ಆಯಿತು. ಹದಿನೈದು ಹದಿನಾರು ದಿನಕ್ಕೆ ಅಡ್ಡ ಏನು ಬಂದರೂ ಎಡಗೈ ಬೆರಳು ಏಳುವುದೇ ನಿಂತಿತು. ಸಿಗ್ಗಿಲ್ಲದೆ ಹೇಳುತ್ತೇನೆ, ಇದು ನನ್ನದೇ ತಲೆ, ಯಾರೂ ಹೇಳಿಕೊಟ್ಟಿದ್ದಲ್ಲ. ಆದರೆ ಮುಂದಿನ ಬ್ರೇಕ್ ಒಂದರ ಮೇಲೆ ಓಡಾಡಬೇಕು, ಹಾಗಾಗಿ ನಡೆಯುವವನ ವೇಗದಲ್ಲೇ ಹೋದೆ, ಇಳಿಜಾರು ಬಂದಲ್ಲಿ ಇಳಿದು ತಳ್ಳಿದೆ. ಆ ಹದಿನೈದು ದಿನ ವಸೂಲಿ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತಾಗುತ್ತಿತ್ತು.

ಬಲಗಾಲಿಗೆ ಮನೆಯಲ್ಲಿ ಪಾಠ. ರಾತ್ರಿ ಲೆಕ್ಕ ತಾಳೆ ಹಾಕುವಾಗ ಟೇಬಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಟ್ಟು ಬಲಗಾಲು ಅದರ ಮೇಲೆ. ಹೊರಗೆ ಹಾರ್ನ್ ಕೇಳಿಸಿತೋ, ಕಾಲು ಒತ್ತಬೇಕು, ಅದರ ಜೊತೆಗೇ ಬಲಗೈ ಬೆರಳು ಮೆಲ್ಲಗೆ ಮುಚ್ಚಬೇಕು. ನಮ್ಮ ಓಣಿಯಲ್ಲಿ ಹಾರ್ನಿಗೆ ಬರ ಇಲ್ಲ. 'ಏನ್ರೀ ಇದು, ಟೇಬಲ್ ಕೆಳಗ ಹೊಲಗಿ ಮಷಿನ್ ಇಟ್ಟೀರೇನು?' ಅಂದಳು ಹೆಂಡತಿ. ಮಗ ಬೇಕಂತಲೇ ಬಾಯಲ್ಲಿ ಹಾರ್ನ್ ಹೊಡೆಯುತ್ತಿದ್ದ. ಅವನಿಗೆ ತಮಾಷೆ, ನನಗೆ ಉಪಯೋಗ.

ಇಷ್ಟಾದ ಮೇಲೆ ಗಾಡಿಗೆ ವಾಪಸ್ ಬಂದೆ. ಈ ಸಲ ಒಂದೇ ಕಟ್ಟಳೆ, ಎಕ್ಸಲೇಟರ್ ಮುಟ್ಟುವಂತಿಲ್ಲ. ಎಕ್ಸಲೇಟರ್ ಕೊಡದಿದ್ದರೂ ಎಂಜಿನ್ ಬಂದ್ ಆಗಬಾರದು ಅಂತ ಕಾರ್ಬ್ಯುರೇಟರಿನ ರೇಸ್ ಸ್ಕ್ರೂ ಸ್ವಲ್ಪ ಏರಿಸಿದೆ. ಎಷ್ಟು ಸುತ್ತು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ, ನಿಮ್ಮ ಗಾಡಿಯ ಸದ್ದು ಕೇಳಿದರೆ ಗೊತ್ತಾಗುತ್ತೆ. ಒಂದನೇ ಗೇರ್, ಕ್ಲಚ್ ಕೂದಲೆಳೆಯಷ್ಟು ಬಿಡೋದು, ಗಾಡಿ ತೆವಳಲು ಶುರು ಮಾಡಿದ ಜಾಗದಲ್ಲಿ ಕೈ ನಿಲ್ಲಿಸೋದು, ಮತ್ತೆ ಹಿಡಿಯೋದು. ಹನ್ನೊಂದು ದಿನ ಇಷ್ಟೇ. ಬೆಳಿಗ್ಗೆ ಐದೂವರೆಯಿಂದ ಆರೂ ಮುಕ್ಕಾಲು. ಹಳೇ ಊರಿನ ಒಂದಷ್ಟು ಭಾಗ ಆಲಮಟ್ಟಿ ಹಿನ್ನೀರಿಗೆ ಹೋಗಿ ನವನಗರ ಕಟ್ಟಿದರಲ್ಲ, ಆ ಮುಳುಗಡೆಯಿಂದ ನನಗೆ ಸಿಕ್ಕ ಲಾಭ ಅಂದರೆ ಈ ಅಗಲ ಖಾಲಿ ರಸ್ತೆಗಳೇ. ವಾಕಿಂಗ್ ಬರುವವರು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು. ಒಬ್ಬ ನಿವೃತ್ತ ಮಾಸ್ತರು ದಿನಾ ಕೇಳುತ್ತಿದ್ದರು, 'ಪೆಟ್ರೋಲ್ ಖಾಲಿ ಆಗೇತೇನ್ರೀ?'

ಕ್ಲಚ್ ಪ್ಲೇಟ್ ಸುಟ್ಟು ಹೋಗುತ್ತೆ ಅಂತ ಮಿಸ್ತ್ರಿ ಹೆದರಿಸಿದ್ದ. ಆಯಿಲಿನಲ್ಲಿ ಮುಳುಗಿರುವ ಪ್ಲೇಟ್, ಎಂಜಿನ್ ಐಡಲಿನಲ್ಲಿದೆ (ಎಕ್ಸಲೇಟರ್ ಇಲ್ಲದೆ ಮೆಲ್ಲಗೆ ಓಡುತ್ತಿದೆ), ನಡುನಡುವೆ ಹತ್ತು ನಿಮಿಷ ನಿಲ್ಲಿಸುತ್ತಿದ್ದೆ, ಯಾಕೆ ಸುಡುತ್ತೆ? ಪ್ಲೇಟ್ ಸುಡೋದು ರೇಸ್ ಜಾಸ್ತಿ ಕೊಟ್ಟು ಅರ್ಧ ಕ್ಲಚ್ ಹಿಡಿಯುವವರದು. ಮೂರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಕವರ್ ಬಿಚ್ಚಿದಾಗ ಅವನೇ ಪ್ಲೇಟ್ ನೋಡಿ ಏನೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಆದರೆ ಚಹಾ ನಾನೇ ತರಿಸಿದೆ.

ಹನ್ನೆರಡನೇ ದಿನ ಇಟ್ಟಿಗೆ ಇಟ್ಟು, ಲೈಸೆನ್ಸ್ ಟೆಸ್ಟಿನಲ್ಲಿ ಹಾಕಿಸುವ ಹಾಗೆ, 8ರ ಆಕಾರದಲ್ಲಿ ಗಾಡಿ ತಿರುಗಿಸಿ ಎಂಟು ಹಾಕಿದೆ, ಅದೂ ಎಕ್ಸಲೇಟರ್ ಇಲ್ಲದೆ. ಇಟ್ಟಿಗೆ ನೋಡಿದರೆ ಇಟ್ಟಿಗೆಗೇ ಹೋಗುತ್ತೀರಿ, ಮುಂದೆ ಹೋಗಬೇಕಾದ ಜಾಗ ನೋಡಬೇಕು. ಎರಡು ದಿನಕ್ಕೆ ಕಾಲು ಇಳಿಸದೆ ಹತ್ತು ಸುತ್ತು ಬಂತು. ಎಲ್‌ಎಲ್ ಆಗಿ 30 ದಿನ ಕಾಯಬೇಕಲ್ಲ, ನನಗೆ ಐವತ್ತಾಗಿತ್ತು. ಡಿಎಲ್ ಟೆಸ್ಟಿನ ದಿನ ಹುಡುಗರು ರೇಸ್ ಕೊಟ್ಟು ಎಂಟು ಹಾಕಲು ಹೋಗಿ ಕಾಲು ಇಡುತ್ತಿದ್ದರು. ನಾನು ತೆವಳಿಕೊಂಡು ಹೋಗಿ ತೆವಳಿಕೊಂಡೇ ಬಂದೆ. ಪಾಸ್. ಏರು ರಸ್ತೆಯಲ್ಲಿ ನಿಂತು ಮತ್ತೆ ಎತ್ತುವುದಕ್ಕೂ ಒಂದು ಉಪಾಯ ಇದೆ. ಅದನ್ನು ಹೆಂಡತಿಯ ತಮ್ಮನೇ ಕೇಳಿದ್ದಾನೆ, ಗೋಡೆ ತೋರಿಸೋದು ನಿಲ್ಲಿಸಿದ ದಿನ ಹೇಳುತ್ತೇನೆ ಅಂದಿದ್ದೇನೆ. ಅವನ ಗಾಡಿಯನ್ನೂ ಈಗ ಹೊಡೆಯುತ್ತೇನೆ, ಆದರೆ ಗೇರ್ ಗೊಂದಲ ಆಗುತ್ತೆ. ನಂದು ನಾಲ್ಕೂ ಒಂದೇ ಕಡೆಗೆ ಬೀಳುತ್ತವೆ, ಅವನದು ಒಂದು ಕೆಳಗೆ, ಉಳಿದದ್ದೆಲ್ಲ ಮೇಲೆ.

ಚೈನಿನ ಮೇಲೂ ಕೈ ಆಡಿಸಿದೆ. ಬಿಟ್ಟಿ ಸಿಗುತ್ತೆ ಅಂತ ಹಳೇ ಎಂಜಿನ್ ಆಯಿಲ್ ಹಾಕಿದೆ, ವಾರಕ್ಕೆ ಚೈನ್ ಕರೀ ಅರಲಿನಂತಾಯಿತು, ನಮ್ಮ ಧೂಳಿಗೆ ಅದು ನಡೆಯಲ್ಲ. ಸೀಮೆಎಣ್ಣೆಯಲ್ಲಿ ತೊಳೆದು 90 ನಂಬರ್ ಗೇರ್ ಆಯಿಲ್ ಹಾಕಿ, ಅರ್ಧ ತಾಸು ಬಿಟ್ಟು ಬಟ್ಟೆಯಿಂದ ಒರೆಸಿಬಿಟ್ಟೆ. ಒರೆಸದಿದ್ದರೆ ಪ್ಯಾಂಟಿಗೆ ಸಿಡಿಯುತ್ತೆ, ಹೆಂಡತಿ ಬೈಯುತ್ತಾಳೆ. ಬೇಸಿಗೆಗೆ ಹೆಲ್ಮೆಟ್ ಒಳಗೆ ಒದ್ದೆ ಕರವಸ್ತ್ರ ಹಾಕಿಯೂ ನೋಡಿದೆ, ಹತ್ತು ನಿಮಿಷ ಸ್ವರ್ಗ, ಆಮೇಲೆ ಇಡ್ಲಿ ಪಾತ್ರೆ.

ಬಿದ್ದದ್ದು ಒಟ್ಟು ಮೂರು ಸಲ. ಗೋಡೆ, ನಾಯಿ, ಮೂರನೆಯದು ಹೋಳಿ. ನಮ್ಮೂರ ಹೋಳಿ ನಿಮಗೆ ಗೊತ್ತಲ್ಲ, ಬಂಡಿಗಳಲ್ಲಿ ಬಣ್ಣದ ಬ್ಯಾರಲ್ ಹೇರಿಕೊಂಡು ಬಂದು ಸುರಿಯುತ್ತಾರೆ. ಮರುದಿನ ಬೆಳಿಗ್ಗೆ ಪೇಟೆ ರಸ್ತೆ ಒಣಗಿದಂತೆ ಕಾಣುತ್ತಿತ್ತು, ಒಣಗಿರಲಿಲ್ಲ. ನಿಂತಲ್ಲೇ ಜಾರಿದೆ, ವೇಗ ಇರಲಿಲ್ಲ, ಮರ್ಯಾದೆ ಮಾತ್ರ ಹೋಯಿತು. ಬೀಳದಿದ್ದರೂ ಹೆದರಿದ್ದು ಎರಡು ಕಡೆ. ವಿಜಯಪುರಕ್ಕೆ ಹೋಗುವಾಗ ಕೊರ್ತಿ ಕೊಲ್ಹಾರ ಸೇತುವೆ ಮೇಲೆ ಅಡ್ಡ ಗಾಳಿ, ಸುತ್ತ ಕೃಷ್ಣೆಯ ನೀರು, ಒಂದು ಕ್ವಿಂಟಲ್ ಮೇಲಿನ ಗಾಡಿಯನ್ನು ಗಾಳಿ ಕಾಗದದ ಹಾಗೆ ಪಕ್ಕಕ್ಕೆ ಸರಿಸುತ್ತೆ. ಹ್ಯಾಂಡಲ್ ಬಿಗಿ ಹಿಡಿದಷ್ಟೂ ಜಾಸ್ತಿ ಅಲ್ಲಾಡುತ್ತೆ, ಸಡಿಲ ಹಿಡಿದು ಮೊಣಕಾಲಿನಿಂದ ಟ್ಯಾಂಕ್ ಒತ್ತಿದೆ, ದಾಟಿದೆ. ಇನ್ನೊಂದು ಕಬ್ಬಿನ ಸೀಜನ್. ಗದ್ದನಕೇರಿ ಕ್ರಾಸಿನಿಂದ ಆಚೆ ರಾತ್ರಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪ ಇಲ್ಲ. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ನಾನು ಆ ಕಡೆ ಹೋಗಲ್ಲ. ಹೇಡಿ ಅನ್ನಿ, ಪರವಾಗಿಲ್ಲ.

ಲೆಕ್ಕ ಹೇಳದಿದ್ದರೆ ಪಿಗ್ಮಿಯವನು ಅನ್ನಿಸಿಕೊಳ್ಳಲ್ಲ. ಲೀಟರಿಗೆ ಅರವತ್ತರ ಹತ್ತಿರ ಕೊಡುತ್ತೆ, ದಿನಕ್ಕೆ ಐವತ್ತೈದು ಅರವತ್ತು ರೂಪಾಯಿ ಪೆಟ್ರೋಲ್. ಸೈಕಲ್ಲಿಗೆ ಇದು ಇರಲಿಲ್ಲ, ನಿಜ. ಆದರೆ ನೂರ ನಲವತ್ತು ಖಾತೆ ಇದ್ದದ್ದು ಈಗ ನೂರ ತೊಂಬತ್ತರ ಮೇಲಿದೆ, ಕಮಿಷನ್ ತಿಂಗಳಿಗೆ ಮೂರೂವರೆ ನಾಲ್ಕು ಸಾವಿರ ಜಾಸ್ತಿ ಬರುತ್ತೆ. ಪೆಟ್ರೋಲ್ ಕಳೆದರೂ ಗಾಡಿಗೆ ಹಾಕಿದ್ದು ಒಂದೂವರೆ ವರ್ಷದಲ್ಲಿ ವಾಪಸ್. ರಾತ್ರಿ ಏಳೂವರೆಗೆ ಮನೆಯಲ್ಲಿರುತ್ತೇನೆ.

ಸೈಕಲ್ ಮಾರಿಲ್ಲ. ಹೋದ ವಾರ ಕಾಕಾನ ಡಬ್ಬದಿಂದ ಆ ರಾಡ್ ತೆಗೆಸಿ ಮತ್ತೆ ಹಾಕಿಸಿದೆ, ಇಪ್ಪತ್ತು ರೂಪಾಯಿ ತಗೊಂಡರು. ಸಂಜೆ ಸಂತೆಗೆ ಹೊರಟೆ. ಮೂಲೆಯಲ್ಲಿ ಬದನೆಕಾಯಿಯ ತಳ್ಳುಗಾಡಿ ಅಡ್ಡ ಬಂತು, ಎಡಗೈ ಏಳಲೇ ಇಲ್ಲ, ಬಲಗಾಲು ಮಾತ್ರ ಪೆಡಲ್ ಒತ್ತಿತು, ಸೈಕಲ್ ಇನ್ನೂ ಜೋರಾಗಿ ಮುಂದೆ ಹೋಯಿತು. ಎರಡು ಕೆಜಿ ಬದನೆಕಾಯಿ ತಗೊಂಡು ಬರಬೇಕಾಯಿತು.