ಸ್ಕೂಲ್ ಗ್ರೌಂಡಲ್ಲಿ ಖುಕ್ರಿ ಹಡಗು ಬರೆಯೋದು ಹೆಂಗೆ

ಡಿಸೆಂಬರ್ 16ಕ್ಕೆ ವಿಜಯ್ ದಿವಸ್ ಅಂತ ಎಲ್ರೂ ಒಂದು ಫೋಟೋಗೆ ಹಾರ ಹಾಕಿ ಎರಡು ಭಾಷಣ ಮಾಡಿ ಬೂಂದಿ ಹಂಚಿ ಮುಗಿಸ್ತಾರೆ. ಅದಕ್ಕೆ ಒಂದು ವಾರ ಮುಂಚೆ 9ನೇ ತಾರೀಕು 1971ರ ಪಾಕಿಸ್ತಾನ ಯುದ್ಧದಲ್ಲಿ ನಮ್ಮ ನೇವಿ ಹಡಗು ಐಎನ್ಎಸ್ ಖುಕ್ರಿ ಮುಳುಗಿದ ದಿನ, ಅದು ಯಾರಿಗೂ ನೆನಪಿರಲ್ಲ, ನನಗೂ ಇರ್ಲಿಲ್ಲ ಬಿಡಿ, ನಮ್ಮ ಬೀದೀಲಿರೋ ನೇವಿಯಿಂದ ರಿಟೈರ್ ಆದ ಅಂಕಲ್ ಒಬ್ರು ಹೇಳೋವರ್ಗೂ. ಮಂಡ್ಯ ಪಕ್ಕದ ನಮ್ಮೂರ ಮಕ್ಕಳು ನೋಡಿರೋ ದೊಡ್ಡ ನೀರು ಅಂದ್ರೆ ಕೆಆರ್‌ಎಸ್ ಹಿನ್ನೀರು, ಹಡಗು ಅಂದ್ರೆ ಎಷ್ಟು ದೊಡ್ಡದು ಅಂತ ಹೇಳಿದ್ರೆ ತಲೆಗೇ ಹೋಗಲ್ಲ, ಅದಕ್ಕೇ ನೆಲದ ಮೇಲೆ ಪೂರ್ತಿ ಅಳತೇಲಿ ಬರೆಯೋಣ ಅಂತ ಶುರುವಾಗಿದ್ದು ಇದು.

ಸುಣ್ಣ ಕೈಗೆ ಎತ್ಕೊಳೋಕೆ ಮುಂಚೆ ಕಥೆ ಸರಿಯಾಗಿ ತಿಳ್ಕೊಳಿ, ಯಾಕಂದ್ರೆ ಮೈಕ್ ಹಿಡಿದೋರು ತಪ್ಪು ಹೇಳೋದೇ ಜಾಸ್ತಿ. ಖುಕ್ರಿ ಕರಾಚಿ ದಾಳೀಲಿ ಮುಳುಗಿದ್ದಲ್ಲ. ಕರಾಚಿ ಮೇಲೆ ಮಿಸೈಲ್ ಬಿಟ್ಟಿದ್ದು 1971ರ ಡಿಸೆಂಬರ್ 4 ಮತ್ತು 8ರ ರಾತ್ರಿ, ಬೇರೆ ಹಡಗುಗಳು. ಖುಕ್ರಿ ಸಬ್‌ಮರೀನ್ ಬೇಟೆಗೆ ಅಂತ ಮಾಡಿದ ಫ್ರಿಗೇಟ್ ಅನ್ನೋ ಥರದ ಯುದ್ಧನೌಕೆ, ಗುಜರಾತ್ ಕರಾವಳಿಯ ದಿಯು ಹತ್ರ ಜೋಡಿ ಹಡಗು ಕಿರ್ಪಾನ್ ಜೊತೆ ಪಾಕಿಸ್ತಾನದ ಹಂಗೋರ್ ಸಬ್‌ಮರೀನನ್ನ ಹುಡುಕ್ತಾ ಇತ್ತು. ತಮಾಷೆ ಅಲ್ಲ, ಬೇಟೆಗೆ ಹೋದೋರೇ ಬೇಟೆ ಆಗಿದ್ದು. ನೀರೊಳಗಿನ ಸದ್ದು ಹಿಡಿಯೋ ನಮ್ಮ ಸೋನಾರ್‌ಗಿಂತ ಹಂಗೋರ್‌ದು ದೂರದ್ದು ಕೇಳಿಸ್ಕೊಳ್ತಿತ್ತು, ಸೋನಾರ್ ಚೆನ್ನಾಗಿ ಕೆಲಸ ಮಾಡ್ಲಿ ಅಂತ ಖುಕ್ರಿ ಬೇರೆ ನಿಧಾನಕ್ಕೆ ಹೋಗ್ತಿತ್ತು. ರಾತ್ರಿ 8.50ರ ಸುಮಾರಿಗೆ ಟಾರ್ಪಿಡೊ, ಅಂದ್ರೆ ನೀರೊಳಗೇ ಬಂದು ಸಿಡಿಯೋ ಅಸ್ತ್ರ, ಬಿತ್ತು, ಕೆಲವೇ ನಿಮಿಷದಲ್ಲಿ ಹಡಗು ನೀರು ಪಾಲು. 18 ಆಫೀಸರ್ಸು, 176 ಸೈಲರ್ಸು, ಒಟ್ಟು 194 ಜನ ಹೋದ್ರು. ಸ್ವತಂತ್ರ ಭಾರತ ಯುದ್ಧದಲ್ಲಿ ಕಳ್ಕೊಂಡ ಒಂದೇ ಯುದ್ಧನೌಕೆ ಇದು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ ಒಬ್ಬ ಸೈಲರ್‌ಗೆ ಕೊಟ್ಟು ತಾವು ಹಡಗಲ್ಲೇ ಉಳಿದ್ರು, ಆಮೇಲೆ ಮಹಾವೀರ ಚಕ್ರ ಕೊಟ್ರು.

ಈಗ ಅಳತೆ. ಉದ್ದ 94.5 ಮೀಟರ್, ಅಗಲ 10 ಮೀಟರ್. ಪಿಟಿ ಮೇಷ್ಟ್ರಿಗೆ ಹೇಳೋದು ಸುಲಭ: ಅಗಲ ಅಂದ್ರೆ ಕಬಡ್ಡಿ ಕೋರ್ಟಿನ ಅಗಲ ಸಾರ್, ಉದ್ದ ಅಂದ್ರೆ ನೂರು ಮೀಟರ್ ಓಟಕ್ಕೆ ಐದೂವರೆ ಕಮ್ಮಿ. 30 ಮೀಟರ್ ಟೇಪಲ್ಲಿ ಮೂರು ಸಲ ಅಳೆದು ಮೇಲೆ ನಾಲ್ಕೂವರೆ. ಮೊದಲು ಎರಡು ತುದಿಗೂ ಗೂಟ ಹೊಡೆದು ನಡುವಿಗೆ ಬಿಗಿಯಾಗಿ ಹುರಿ ಎಳೀರಿ, ಆಮೇಲೆ ಹುರಿಯಿಂದ ಎರಡೂ ಕಡೆ ಐದೈದು ಮೀಟರ್ ಗುರುತು ಮಾಡ್ಕೊಳಿ. ಅಂದಾಜು ಮುಂದಿನ ಮೂರನೇ ಒಂದು ಭಾಗದಿಂದ ಗೆರೆ ಸ್ವಲ್ಪಸ್ವಲ್ಪಾನೇ ಒಳಗೆ ಬಂದು ಮೂತಿ ಚೂಪಾಗ್ಬೇಕು. ನಾವು ಮೊದಲನೇ ವರ್ಷ ಹುರಿ ಇಲ್ದೆ ಕಣ್ಣಳತೇಲಿ ಹಾಕಿದ್ವಿ, ಒಂದು ಹುಡುಗಿ ಸ್ಟೇಜ್ ಮೇಲೆ ನಿಂತು ನೋಡಿ ‘ಸಾರ್ ಹಲಸಿನಹಣ್ಣು ಥರ ಇದೆ’ ಅಂದ್ಳು, ಇತ್ತು ಕೂಡ. ರಂಗೋಲಿ ಪುಡಿ ಬೇಡ, ಸಂಜೆ ಗಾಳಿಗೆ ಹಾರೋಗುತ್ತೆ, ಕೋರ್ಟಿಗೆ ಹಾಕೋ ಸುಣ್ಣದ ಪುಡೀನೇ ಸರಿ, ಮಕ್ಕಳ ಕೈಗೆ ಮಾತ್ರ ಕೊಡ್ಬೇಡಿ, ಕಣ್ಣಿಗೆ ಬಿದ್ರೆ ಕಷ್ಟ.

ಗೆರೆ ಒಳಗೆ 194 ದೀಪ. ಮಣ್ಣಿನ ಹಣತೆ ಇಟ್ರೆ ಡಿಸೆಂಬರ್ ಗಾಳಿಗೆ ಅರ್ಧ ಆರೋಗುತ್ತೆ, ಅನುಭವದಲ್ಲಿ ಹೇಳ್ತಿದೀನಿ. ತೆಂಗಿನ ಕರಟ ತಗೊಳಿ, ನಮ್ಮ ಕಡೆ ಅದಕ್ಕೇನು ಬರ, ತಳಕ್ಕೆ ಒಂದು ಹಿಡಿ ಮರಳು ಹಾಕಿ ಅದರ ಮೇಲೆ ಹಣತೆ ಕೂರಿಸಿದ್ರೆ ಕರಟದ ಅಂಚೇ ಗಾಳಿ ತಡೆಯುತ್ತೆ. ಹೊಂಗೆ ಎಣ್ಣೆ ಸಾಕು.

ಹೆಸರು ಓದೋದೇ ಮುಖ್ಯ ಕೆಲಸ, ಬೇರೆ ಏನ್ ಬಿಟ್ರೂ ಇದನ್ನ ಬಿಡ್ಬೇಡಿ. ಒಂದು ಹೆಸರಿಗೆ ಐದು ಸೆಕೆಂಡ್ ಅಂದ್ರೂ 194ಕ್ಕೆ ಹದಿನಾರು ನಿಮಿಷ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದ ಗೋಡೇಲಿ ಹುತಾತ್ಮರ ಹೆಸರು ಕೆತ್ತಿದಾರೆ, ಅವರ ವೆಬ್‌ಸೈಟಲ್ಲೂ ಹುಡುಕ್ಬೋದು. ಪಂಜಾಬಿ, ಮಲಯಾಳಿ, ಹರಿಯಾಣದ ಹೆಸರು ನಮ್ಮ ಬಾಯಿಗೆ ತಿರುಗಲ್ಲ, ಒಂದು ವಾರ ಮುಂಚೇನೇ ಕನ್ನಡದಲ್ಲಿ ಬರ್ಕೊಂಡು ಮಕ್ಕಳ ಹತ್ರ ಓದಿಸಿ. ಅಡುಗೆಯವರ ಹೆಸರನ್ನೂ ಆಫೀಸರ್ ಹೆಸರಿನಷ್ಟೇ ನಿಧಾನಕ್ಕೆ ಓದ್ಬೇಕು ಅಂತ ಅಂಕಲ್ ಹೇಳಿದ್ರು.

ಟೈಮ್ ವಿಷಯ. ನಾವು ಒಂದು ವರ್ಷ ಮಧ್ಯಾಹ್ನ ಇಟ್ವಿ, ಅತಿಥಿಯೊಬ್ರು ನಲವತ್ತು ನಿಮಿಷ ಮಾತಾಡಿ ಪಾಕಿಸ್ತಾನಕ್ಕೆ ಬೈದು ಖುಕ್ರಿ ಹೆಸರು ಒಂದೇ ಸಲ ಹೇಳಿದ್ರು, ಬಿಸಿಲಲ್ಲಿ ಇಬ್ರು ಮಕ್ಕಳು ಕುಸಿದ್ರು. ಅವತ್ತೇ ಭಾಷಣ ಕ್ಯಾನ್ಸಲ್. ಈಗ ಸಂಜೆ 7.30ಕ್ಕೆ ಅಪ್ಪ ಅಮ್ಮನ ಜೊತೇಲಿ ಬರೋಕೆ ಹೇಳಿ, ಹತ್ತು ನಿಮಿಷ ಕಥೆ, ಆಮೇಲೆ ಹೆಸರು, ಎಲ್ರಿಗೂ ಟೀ. ಬದುಕಿ ಬಂದೋರು 67 ಜನ, ಮಾರನೇ ದಿನ ಐಎನ್ಎಸ್ ಕಚಾಲ್ ಬಂದು ಅವರನ್ನ ಎತ್ಕೊಳ್ತು, ಅದಕ್ಕೆ 67 ಮಕ್ಕಳನ್ನ ಗೆರೆ ಒಳಗೆ ದೀಪಗಳ ನಡುವೆ ನಿಲ್ಲಿಸ್ತೀವಿ, ಪಂಚೆ ಲಂಗ ಉಟ್ಟೋರು ಬೇಡ, ಮೈದಾನದ ಲೈಟೆಲ್ಲಾ ಆಫ್. 8.50ಕ್ಕೆ ಪಿಟಿ ಮೇಷ್ಟ್ರು ಒಂದೇ ವಿಶಲ್, ಮಕ್ಕಳು ಮಾತಾಡ್ದೆ ಗೆರೆ ದಾಟಿ ಈಚೆ ಬರ್ತಾರೆ. ದೀಪ ಅಲ್ಲೇ ಇರುತ್ತೆ. ಆ ಹೊತ್ತಲ್ಲಿ ಫೋಟೋ ತೆಗೆಯೋರನ್ನ ಮೊದಲೇ ದೂರ ಕೂರಿಸಿ.

ನೋಡ್ಕೊಂಡು ಬರ್ಬೇಕು ಅನ್ನೋರಿಗೆ ದಿಯುನಲ್ಲಿ ಚಕ್ರತೀರ್ಥ ಬೀಚ್ ಹತ್ರ ಗುಡ್ಡದ ಮೇಲೆ ಗಾಜಿನ ಪೆಟ್ಟಿಗೇಲಿ ಖುಕ್ರಿ ಮಾಡೆಲ್ ಇಟ್ಟ ಸ್ಮಾರಕ ಇದೆ. ನಮ್ಮ ಕಡೆಯಿಂದ ಸೋಮನಾಥಕ್ಕೆ ಯಾತ್ರೆ ಹೋಗೋರು ಸುಮಾರು ಜನ, ಅಲ್ಲಿಂದ ದಿಯು ದೂರ ಏನಲ್ಲ, ಒಂದು ದಿನ ಜಾಸ್ತಿ ಇಟ್ಕೊಳಿ ಅಷ್ಟೆ. 1989ರಲ್ಲಿ ಅದೇ ಹೆಸರಲ್ಲಿ ಬಂದ ಇನ್ನೊಂದು ಖುಕ್ರಿ 2021ರಲ್ಲಿ ರಿಟೈರ್ ಆಯ್ತು, ಫೋಟೋ ಹಾಕುವಾಗ ಎರಡನ್ನೂ ಕಲಸ್ಬೇಡಿ. ಅಷ್ಟು ದೂರ ಆಗಲ್ಲ ಅಂದ್ರೆ ಕಾರವಾರದ ಟ್ಯಾಗೋರ್ ಬೀಚಲ್ಲಿ ಐಎನ್ಎಸ್ ಚಪಲ್ ಅಂತ ಮಿಸೈಲ್ ಬೋಟ್ ಮ್ಯೂಸಿಯಂ ಇದೆ, ಖುಕ್ರಿಗಿಂತ ತುಂಬಾ ಚಿಕ್ಕದು, ಆದ್ರೂ ಒಳಗೆ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತೆ.

ರಾತ್ರಿ ಕರಟ ಎಲ್ಲಾ ಎಣಿಸಿ ಎತ್ತಿಡಿ, ನಾಯಿ ಎಣ್ಣೆ ನೆಕ್ಕುತ್ತೆ. ಸುಣ್ಣದ ಗೆರೆ ಒರೆಸ್ಬೇಡಿ. ಎರಡು ಮೂರು ದಿನ ಹಾಗೇ ಇರುತ್ತೆ, ಬೆಳಗ್ಗೆ ಪ್ರೇಯರ್‌ಗೆ ಮುಂಚೆ ಮಕ್ಕಳು ಮೂತಿಯಿಂದ ಬಾಲದವರೆಗೆ ಎಷ್ಟು ಹೊತ್ತಾಗುತ್ತೆ ಅಂತ ಓಡಿ ನೋಡ್ತಿರ್ತಾರೆ.